ಇರುವೆ ಸತ್ತ ಹಾಲು

ಕೊರೊನಾ ಗಲಾಟೆ ತಣ್ಣಗಾದ ಮೇಲೆ ನನಗೆ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ವರ್ಗವಾಯಿತು. ಅಲ್ಲಿನ ಆಸ್ಪತ್ರೆಯ ಮಕ್ಕಳ ವಾರ್ಡು ನನ್ನ ಪಾಲಿಗೆ ಬಂತು. ನಿನಗೆ ಕಾಯಿಲೆಗಿಂತ ಬಾಣಂತಿಯರ ಅತ್ತೆಯರ ಜೊತೆಗೇ ಜಗಳ ಜಾಸ್ತಿ ಎಂದು ನನ್ನ ಗಂಡ ಛೇಡಿಸುತ್ತಾರೆ. ಸುಳ್ಳೇನಲ್ಲ.

ಮಳೆಗಾಲದ ಒಂದು ಬೆಳಿಗ್ಗೆ ತೆರಕಣಾಂಬಿ ಕಡೆಯಿಂದ ಸುಧಾ ಎಂಬ ಹುಡುಗಿ ನಾಲ್ಕು ತಿಂಗಳ ಗಂಡುಕೂಸನ್ನು ಎತ್ತಿಕೊಂಡು ಬಂದಳು. ಜೊತೆಗೆ ಅತ್ತೆ ಗೌರಮ್ಮ. ಚೆಂಡುಹೂವು ಬೆಳೆಯುವ ಅನುಕೂಲಸ್ಥರ ಮನೆ. ಕೂಸಿಗೆ ವಾರದಿಂದ ಭೇದಿ. ನೆತ್ತಿ ಕುಸಿದಿತ್ತು, ಹೊಟ್ಟೆಯ ಚರ್ಮ ಚಿವುಟಿದರೆ ಹಾಗೇ ನಿಲ್ಲುತ್ತಿತ್ತು. ಡ್ರಿಪ್ ಹಾಕುತ್ತಲೇ, ಎದೆಹಾಲು ಕುಡಿಯುತ್ತಿದೆಯಾ ಎಂದು ಸುಧಾಳನ್ನು ಕೇಳಿದೆ.

ಉತ್ತರ ಕೊಟ್ಟವರು ಗೌರಮ್ಮ. “ಭೇದಿ ಸುರುವಾದ್ ದಿನ್ವೇ ಬುಡಿಸ್ಬುಟ್ಟೆ ಡಾಕ್ಟ್ರಮ್ಮ. ಇವಳ ಆಲು ಕೆಟ್ಟದೆ. ಲೋಟಕ್ಕೆ ಇಂಡಿಸಿ ಇರ್ವೆ ಬುಟ್ ನೋಡ್ದೆ, ಸತ್ತೋಯ್ತು.”

“ನೀರಿಗೆ ಬಿಟ್ಟರೂ ಇರುವೆ ಸಾಯುತ್ತೆ ಅಜ್ಜಿ.”

“ನೀರ್ ಬ್ಯಾರೆ, ಆಲ್ ಬ್ಯಾರೆ. ಬುಡಿ, ನಾನೂ ಐದು ಮಕ್ಳ ಎತ್ತೋಳೆ.”

ಅಂದಿನಿಂದ ಪ್ಯಾಕೆಟ್ ಹಾಲಿಗೆ ಬೀದಿಯ ತೊಂಬೆಯ, ಅಂದರೆ ಸಣ್ಣ ಟ್ಯಾಂಕಿನ, ನೀರು ಬೆರೆಸಿ ಬಾಟಲಿಯಲ್ಲಿ ಕುಡಿಸಿದ್ದರು. ನನಗೆ ಮೈಯೆಲ್ಲ ಉರಿಯಿತು.

ಉರಿಯಲು ಕಾರಣವಿತ್ತು. ನನಗೆ ಅನುಮಾನವಿದ್ದದ್ದು ಒಂದು ಬಗೆಯ ಇ. ಕೋಲಿ ಬ್ಯಾಕ್ಟೀರಿಯಾ, ಆಮೇಲೆ ಬಂದ ವರದಿಯೂ ಅದನ್ನೇ ಹೇಳಿತು. ಅದು ಬಲು ಖದೀಮ. ಕರುಳಿನ ಜೀವಕೋಶದೊಳಕ್ಕೆ ತನ್ನದೇ ಪ್ರೊಟೀನೊಂದನ್ನು ಚುಚ್ಚಿ, ಅದನ್ನೇ ಗೂಟ ಮಾಡಿಕೊಂಡು ಕಚ್ಚಿ ಕೂರುತ್ತದೆ. ತಾಯಿಯ ಹಾಲಿನಲ್ಲಿ ಲ್ಯಾಕ್ಟೋಫೆರಿನ್ ಎಂಬ ಪ್ರೊಟೀನಿದೆ. ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಕಬ್ಬಿಣದ ಅಂಶವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಚುಚ್ಚುವ ಆ ಸಲಕರಣೆಯನ್ನೂ ಕೆಡಿಸುತ್ತದೆ. ಕೂಸಿನ ಪರವಾಗಿ ಹೋರಾಡುವವರನ್ನೇ ಈ ಮನೆಯವರು ಬಾಗಿಲಾಚೆ ನಿಲ್ಲಿಸಿದ್ದರು.

ಮರುದಿನ ಕೂಸು ಸ್ವಲ್ಪ ಚೇತರಿಸಿಕೊಂಡಿತು. ಚೀಪುವ ಶಕ್ತಿ ಇರಲಿಲ್ಲ. ತಾಯಿ ಹಾಲು ಹಿಂಡಿ ಕೊಡಲಿ, ಮೂಗಿನ ನಳಿಕೆಯಲ್ಲಿ ಹಾಕಿ ಎಂದು ಸಿಸ್ಟರ್‌ಗೆ ಹೇಳಿ ಓಪಿಡಿಗೆ ಹೋದೆ. ಬರುವಷ್ಟರಲ್ಲಿ ಗೌರಮ್ಮ ಆ ಹಾಲನ್ನು ವಾಶ್‌ಬೇಸಿನ್ನಿಗೆ ಸುರಿದಿದ್ದರು. ಸುಧಾ ನೋಡುತ್ತ ಕೂತಿದ್ದಳು. ಎದುರಾಡುವ ಧೈರ್ಯ ಅವಳಿಗೆಲ್ಲಿಂದ ಬರಬೇಕು? ನಾನು ಕೂಗಾಡಿದೆ. ಅತ್ತೆಯನ್ನು ಹೊರಗೆ ಕಳಿಸಿ ಮತ್ತೆ ಹಿಂಡಿಸಿದೆ. ಅಷ್ಟರಲ್ಲಿ ನಂಜು ರಕ್ತಕ್ಕೇರಿತ್ತು. ಸಂಜೆ ಕೂಸು ಹೋಯಿತು.

ಗೌರಮ್ಮ ಎದೆ ಬಡಿದುಕೊಂಡು ಅತ್ತರು. ಅಳುತ್ತಲೇ ಸೊಸೆಯ ಕಡೆ ತಿರುಗಿದರು: “ನಿನ್ ವಿಸದ್ ಆಲೇ ಕಣಮ್ಮಿ ನನ್ ಮೊಮ್ಮಗನ್ನ ತಿಂದಿದ್ದು.”

ಸುಧಾಳ ರವಿಕೆ ಹಾಲಿನಿಂದ ಒದ್ದೆಯಾಗಿತ್ತು. ಅವಳು ನನ್ನನ್ನು ಕೇಳಿದಳು: “ಡಾಕ್ಟ್ರಮ್ಮ, ನನ್ ಆಲು ವಿಸನಾ?”

ಸುಮ್ಮನಿದ್ದರೆ, ಮಗನನ್ನು ತಾನೇ ಕೊಂದೆ ಎಂದು ಈ ಹುಡುಗಿ ಬದುಕಿಡೀ ಬೇಯುತ್ತಾಳೆ. ಅಲ್ಲ ಎಂದರೆ, ಉಳಿಸುವ ಮದ್ದನ್ನು ಎದೆಯಲ್ಲೇ ಇಟ್ಟುಕೊಂಡು ಸುಮ್ಮನೆ ಕೂತೆ ಎಂದು ಬೇಯುತ್ತಾಳೆ. ಎರಡರಲ್ಲೂ ಕರುಣೆಯಿರಲಿಲ್ಲ.

“ವಿಷ ಅಲ್ಲಮ್ಮ. ಬಿಡಿಸದೇ ಇದ್ದಿದ್ದರೆ ಬಹುಶಃ ಉಳೀತಿತ್ತು” ಎಂದೆ.

ಅವಳು ಅಳಲಿಲ್ಲ. ಲೋಟ ತೆಗೆದುಕೊಂಡು ಪರದೆಯ ಹಿಂದೆ ಹೋದಳು. ಹೊರಬಂದು ಹಾಲಿನ ಲೋಟವನ್ನು ಅತ್ತೆಯ ಮುಂದೆ ಹಿಡಿದಳು.

“ಕುಡೀರಿ ಅತ್ತೆ. ಸತ್ರೆ ನೀವ್ ಏಳಿದ್ದೇ ನಿಜ.”

ನಾನು ತಡೆಯಲಿಲ್ಲ. ಗೌರಮ್ಮ ಲೋಟ ತೆಗೆದುಕೊಂಡು, ಸೊಸೆಯ ಮುಖ ನೋಡುತ್ತ ಪೂರ್ತಿ ಕುಡಿದರು. ಅವರಿಗೇನೂ ಆಗಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಈಗ ಭೇದಿಯಾದ ಕೂಸು ಬಂದರೆ, ಎದೆಹಾಲು ಬಿಡಿಸಿದವರು ಯಾರು ಎಂದು ಕೇಳುತ್ತೇನೆ. ಅವರನ್ನು ಮೊದಲು ಹೊರಗೆ ಕಳಿಸುತ್ತೇನೆ. ಹಾಲು ಕೂಸಿನ ಹೊಟ್ಟೆ ಸೇರುವವರೆಗೆ ತಾಯಿಯ ಪಕ್ಕದಲ್ಲಿ ನಾನೇ ಕೂರುತ್ತೇನೆ.