ಲೊರೇನ್ ಅವರ ಕೈಗುದ್ದಲಿ

ಗಾಳಿಯ ಇಂಗಾಲವನ್ನು ಬೀದಿಮರಗಳ ಮೈಯಲ್ಲಿ ಕೂಡಿಟ್ಟು ಭೂಮಿಯನ್ನು ತಂಪಾಗಿಡಬಹುದೆಂದು ಭಾಷಣ ಮಾಡಿದವರಿಗೆ ಮಿಷಿಗನ್ ಸರೋವರದ ದಡದ ನಮ್ಮ ಊರಿನಲ್ಲಿ ಬರವಿಲ್ಲ. ಆ ಮರಗಳು ಅಷ್ಟು ಕಾಲ ಬದುಕಲೂ ಬೇಕಲ್ಲವೇ ಎಂದು ಕೇಳಿ ಎಲ್ಲರ ಮುಖ ಕೆಡಿಸಿದವರು ಶ್ರೀಮತಿ ಲೊರೇನ್ ವೊಯ್ಟೊವಿಚ್. ಊರಿನ ಮರಗಳ ಮೇಲ್ವಿಚಾರಕಿಯಾಗಿ ಮೂರು ದಶಕ ದುಡಿದ ಅವರು ಈ ವಸಂತದಲ್ಲಿ ನಿವೃತ್ತರಾದರು.

ಸೇವೆಗೆ ಸೇರಿದ ದಿನದಿಂದ ಅವರ ತಾಳ್ಮೆಯನ್ನು ತಿಂದದ್ದು ಮರದ ಚಕ್ಕೆ. ತೇವ ಉಳಿಯಲೆಂದು ಸಸಿಯ ಸುತ್ತ ಚಕ್ಕೆ ಹರಡುವುದು ಸರಿಯೇ. ಆದರೆ ಅದನ್ನು ಕಾಂಡಕ್ಕೆ ಒತ್ತಿ ಮೊಣಕಾಲೆತ್ತರ ಗುಡ್ಡೆ ಹಾಕದಿದ್ದರೆ ನಮ್ಮವರಿಗೆ ಸಮಾಧಾನವಿಲ್ಲ. ತೊಗಟೆ ಕೊಳೆತು ಕೆಲವೇ ವರ್ಷಗಳಲ್ಲಿ ಮರ ಸಾಯುತ್ತದೆ, ಕೂಡಿಟ್ಟ ಚೂರುಪಾರು ಇಂಗಾಲವೂ ಗಾಳಿಗೆ ಮರಳುತ್ತದೆ. ಮತ್ತೆ ಹೊಸ ಸಸಿ, ಹೊಸ ಗುಡ್ಡೆ, ಪತ್ರಿಕೆಯಲ್ಲಿ ಹೊಸ ಫೋಟೊ. ಲೊರೇನ್ ತಿಳಿಹೇಳಿದರು, ಗದರಿದರು, ಕೊನೆಗೆ ಕಾರಿನಲ್ಲಿ ಕೈಗುದ್ದಲಿ ಇಟ್ಟುಕೊಂಡು ತಾವೇ ಬುಡ ಬಿಡಿಸುತ್ತ ತಿರುಗಿದರು.

ಅವರ ಅಂತಃಕರಣವೂ ಸಿಡುಕಿನ ಜೊತೆಗೇ ಬರುತ್ತಿತ್ತು. ಸಸಿ ನೆಡುವ ತಂಡದ ಮುಖ್ಯಸ್ಥ ಡ್ವೇನ್ ಅವರ ಮಡದಿ ಆಸ್ಪತ್ರೆಯಲ್ಲಿದ್ದ ಬೇಸಿಗೆಯಲ್ಲಿ, ಅವರ ಪಾಲಿನ ನೀರಿನ ಟ್ಯಾಂಕರನ್ನು ಲೊರೇನ್ ಅವರೇ ಓಡಿಸಿದರು. ಡ್ವೇನ್ ಕೆಲಸಕ್ಕೆ ಮರಳಿದಾಗ, "ಮನೆಯವರು ಹೇಗಿದಾರೆ?" ಎಂದು ಕೇಳಿ, ಉತ್ತರ ಕೇಳಿ ಹಗುರಾಗಿ, "ಸರಿ. ಸ್ಕೂಲ್ ಹತ್ರ ಗುಡ್ಡೆ ಹಾಕಿದ್ದು ನೀವೇ ತಾನೆ?" ಎಂದರು.

ಬೀಳ್ಕೊಡುಗೆಯ ಶುಕ್ರವಾರ, ಹುರಿದ ಮೀನಿನ ಊಟಕ್ಕೆ ಮುಂಚೆ, ಎಲ್ಲರೂ ಅವರನ್ನು ಗ್ರಂಥಾಲಯದ ಅಂಗಳಕ್ಕೆ ಕರೆದೊಯ್ದರು. ಅಲ್ಲಿ ಅವರ ಹೆಸರಿನಲ್ಲಿ ನೆಟ್ಟ ಓಕ್ ಸಸಿಯಿತ್ತು. ಕೊಂಬೆಗೆ ರಿಬ್ಬನ್ನು, ಕಾಂಡಕ್ಕೆ ಒತ್ತಿ ಕೆಂಪು ಚಕ್ಕೆಯ ಗುಡ್ಡೆ, ಮೊಣಕಾಲೆತ್ತರ.

"ಡ್ವೇನ್, ಏನ್ರೀ ಇದು?"

"ಚೆನ್ನಾಗಿ ಕಾಣ್ಲಿ ಅಂತ ಹುಡುಗರು ಸ್ವಲ್ಪ ಜಾಸ್ತಿನೇ ಹಾಕಿದ್ರು, ಲೊರೇನ್. ನಿಮ್ಮ ಮೇಲಿನ ಪ್ರೀತಿಗೆ."

"ಪ್ರೀತಿಗೆ ಕುತ್ತಿಗೆವರೆಗೂ ಹೂತಿದೀರಾ? ಸೋಮವಾರದಿಂದ ನಾನಿರಲ್ಲ. ಯಾರು ತೆಗೀತಾರೆ ಇದನ್ನ?"

ಇಷ್ಟು ವರ್ಷ ಗೋಡೆಗೆ ಹೇಳಿದಂತಾಯಿತಲ್ಲ ಎಂದು ಲೊರೇನ್ ಅವರಿಗೆ ಸಿಟ್ಟು ಬಂತು, ಕಣ್ಣೂ ತುಂಬಿತು. ತಮಗೆ ಕೊಟ್ಟಿದ್ದ ಹೂಗುಚ್ಛವನ್ನು ಪಕ್ಕದಲ್ಲಿದ್ದ ನಗರಸಭೆಯ ಅಧ್ಯಕ್ಷರ ಕೈಗೆ ತುರುಕಿ, ಹೊಸ ಕೋಟಿನಲ್ಲೇ ಮಂಡಿಯೂರಿ ಚಕ್ಕೆ ಬಾಚತೊಡಗಿದರು. ಸ್ವಲ್ಪ ಹೊತ್ತಿಗೆ ಎದುರುಗಡೆ ಡ್ವೇನ್ ಕೂಡ ಸೂಟಿನಲ್ಲೇ ಕೂತರು.

"ಸಾಕಾ?"

"ಇನ್ನೂ ತೆಗೀರಿ. ಬೇರು ಕವಲೊಡೆಯೋ ಜಾಗ ಕಾಣಬೇಕು."

ಕಂಡಿತು. ಅಷ್ಟರಲ್ಲಿ ಮೀನು ತಣ್ಣಗಾಗಿತ್ತು.

ಆ ಓಕ್ ನಮ್ಮೆಲ್ಲರ ಕಾಲದಾಚೆಗೂ ಇಂಗಾಲ ಹೀರಿ ನಿಲ್ಲಲಿ. ಲೊರೇನ್ ಅವರಿಗೆ ದೀರ್ಘಾಯುಷ್ಯವೂ ಗಟ್ಟಿ ಮಂಡಿಗಳೂ ಲಭಿಸಲಿ. ಕೈಗುದ್ದಲಿ ಈಗ ಡ್ವೇನ್ ಅವರ ಗಾಡಿಯಲ್ಲಿದೆ. ಅವರು ಅದನ್ನು ಬಳಸುತ್ತಿದ್ದಾರೋ ಇಲ್ಲವೋ ಎಂದು ನೋಡಲು ಲೊರೇನ್ ಪ್ರತಿ ಸೋಮವಾರ ಊರು ಸುತ್ತುತ್ತಾರೆ.