ಮುರಿಸಿಕೊಳ್ಳಲು ಹೊರಟ ದೋಣಿ

ಬಂದರಿನವರೆಲ್ಲ ಆ ಮೀನುಗಾರನನ್ನು ‘ಸರ್ಕಾರದ ಅಳಿಯ’ ಎನ್ನುತ್ತಿದ್ದರು. ಹೀಗಾಗಿ ಇದನ್ನು ಬರೆಯುತ್ತಿರುವ ಮಹಾಶಯ ಬಹಳ ಕಾಲ ಅವನನ್ನು ಕೂತಲ್ಲೇ ಉಣ್ಣುವ ಸುಖಪುರುಷನೆಂದು ತಿಳಿದಿದ್ದ. ಅಸಲಿಗೆ ಈ ಅಳಿಯ ಮಾವನ ಮನೆಯಿಂದ ಉಡುಗೊರೆ ಬಂದಷ್ಟೂ ಇನ್ನಷ್ಟು ದೂರ ಹೋಗಿ ದುಡಿಯಬೇಕಾಯಿತು. ಅಪ್ಪನ ಕಾಲಕ್ಕೆ ನೈಲಾನ್ ಬಲೆಗೆ ಸಹಾಯಧನ ಬಂತು. ಇವನ ಮೀಸೆ ಚಿಗುರುವ ಹೊತ್ತಿಗೆ ಎಂಜಿನ್ನಿಗೆ, ಮದುವೆಯ ಹೊತ್ತಿಗೆ ಡೀಸೆಲ್ಲಿಗೆ, ಆಮೇಲೆ ದೊಡ್ಡ ದೋಣಿಗೆ. ‘ಕಡಲು ಅಕ್ಷಯಪಾತ್ರೆ, ಮೊಗೆಯಿರಿ’ ಎಂದು ಮಂತ್ರಿಗಳು ಹಾರ ಹಾಕಿಸಿಕೊಂಡು ಹೇಳಿದರು. ಎಲ್ಲರೂ ಮೊಗೆದರು. ಪಾತ್ರೆಯ ತಳ ಕಂಡಿತು. ಈಗ ದೋಣಿಗಳೇ ಹೆಚ್ಚಾದವೆಂದು ಅವನ್ನು ಮುರಿಯಲೂ ಸಹಾಯಧನ!

ಷರತ್ತು ಒಂದೇ. ಕೆಟ್ಟು ಕೂತ ದೋಣಿಗೆ ಕಾಸಿಲ್ಲ. ಸ್ವಂತ ಎಂಜಿನ್ನಿನಲ್ಲೇ ಮುರಿಯುವ ಕಟ್ಟೆಗೆ ಬರಬೇಕು, ಎಳೆದು ತಂದರೆ ಸಲ್ಲದು. ಇವತ್ತೇ ಕಡೆಯ ದಿನ. ಹಣ ಬಂದರೆ ಅವನೂ ಅವನ ಅಕ್ಕನೂ ದಡದಲ್ಲೊಂದು ಬಲೆ ಹೊಲಿಯುವ ಅಂಗಡಿ ಇಡುವವರು. ಬಾರದಿದ್ದರೆ ಇದೇ ತೂತು ದೋಣಿಯಲ್ಲಿ ಮತ್ತೆ ಕಡಲಿಗೆ.

ಇಬ್ಬರೂ ದೋಣಿಯೇರಿ ಹೊರಟರು. ಕಟ್ಟೆ ಕಣ್ಣಿಗೆ ಬೀಳುವಷ್ಟರಲ್ಲಿ ತಳದ ಹಲಗೆ ಬಿರಿಯಿತು.

“ಅಕ್ಕಾ, ನೀರು ಎಲ್ಲೀವರೆಗೆ ಬಂತು?”

“ಮೊಣಕಾಲಿಗೆ. ಮಾತಾಡ್ಬೇಡ, ಓಡ್ಸು!” ಅಕ್ಕ ಬಕೆಟ್ಟಿನಲ್ಲಿ ಮೊಗೆದು ಚೆಲ್ಲುತ್ತಿದ್ದಳು.

“ಜೋರು ಮಾಡಿದ್ರೆ ಬಿರುಕು ಅಗಲ ಆಗತ್ತೆ. ನಿಧಾನ ಮಾಡಿದ್ರೆ ಎಂಜಿನ್ನೇ ಮುಳುಗತ್ತೆ.”

“ಎರಡರ ಮಧ್ಯೆ ಓಡ್ಸು. ಅಮ್ಮನಿಗೂ ಹೆಂಡ್ತಿಗೂ ಮಧ್ಯೆ ಇಷ್ಟು ವರ್ಷ ಬಾಳಿಲ್ವಾ?”

ಪಕ್ಕದಲ್ಲಿ ಸಾಗುತ್ತಿದ್ದ ದೋಣಿಯವನು ಹಗ್ಗ ಎತ್ತಿ ತೋರಿಸಿದ. “ಅಳಿಯಂದ್ರೇ, ಎಸೀಲಾ?”

ಇವನ ಕೈ ತಾನಾಗಿ ಚಾಚಿತು. ಅಕ್ಕ ಬಕೆಟ್ಟಿನಿಂದಲೇ ಆ ಕೈಗೊಂದು ಬಿಟ್ಟಳು. “ಹಗ್ಗ ಮುಟ್ಟಿದ್ಯೋ, ಅಂಗಡಿ ಹೋಯ್ತು!”

ಅಷ್ಟರಲ್ಲಿ ಎಂಜಿನ್ ಕೆಮ್ಮಿ ನಿಂತೇಬಿಟ್ಟಿತು. ಅವನು ಎಂಜಿನ್ನಿನತ್ತ ಬಾಗಿದ. ಹಿಡಿಕೆ ತಿರುಗಿಸಿದ, ಬರಿಯ ಗೊರಕೆ. ಮತ್ತೆ ತಿರುಗಿಸಿದ, ಅಂಗೈ ಸುಲಿಯುವಂತೆ. ನೀರು ಅಕ್ಕನ ಸೊಂಟ ಮುಟ್ಟುತ್ತಿತ್ತು. ಮೂರನೆಯ ಸಲಕ್ಕೆ ಎಂಜಿನ್ ಬೈಯುತ್ತ ಎದ್ದಿತು. ದೋಣಿ ಕರಿ ಹೊಗೆ ಕಾರುತ್ತ ತೆವಳಿ ಕಟ್ಟೆಗೆ ತಾಗಿತು.

ಕೊಡೆಯ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡಿದ್ದ ಇಲಾಖೆಯ ಸಾಹೇಬರು ಸಂಗೀತ ಕಚೇರಿಗೆ ಬಂದವರಂತೆ ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಆಲಿಸಿದರು. ಪೆನ್ನಿನ ಮುಚ್ಚಳ ತೆಗೆದು, ತಲೆದೂಗಿ ಕೇಳಿದರು:

“ಇಷ್ಟು ಚೆನ್ನಾಗಿ ಓಡೋ ದೋಣೀನ ಯಾಕಪ್ಪಾ ಮುರಿಸ್ತೀಯ?”

“ಬೇಗ ಸಹಿ ಹಾಕಿ ಸ್ವಾಮಿ, ಮುಳುಗ್ತಾ ಇದೆ.”