ಹುಸೇನ್ ಕಾಕಾನ ಬಾವಿ

ಯಾರಾದರೂ ಓದುವುದನ್ನು ಕೇಳುವಾಗ ಹುಸೇನ್ ಕಾಕಾ ಕಣ್ಣು ಮುಚ್ಚುತ್ತಿದ್ದರು. ಬರೀ ಮುಚ್ಚುವುದಲ್ಲ, ಎರಡೂ ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದರು. ಚೂರು ಬೆಳಕು ಒಳಗೆ ಬಂದರೂ ಕೇಳಿದ್ದೆಲ್ಲ ಹೊರಗೆ ಹೋಗಿಬಿಡುತ್ತದೆ ಎನ್ನುವ ಹಾಗೆ. ಮೊದಲ ಸಲ ನೋಡಿದಾಗ ನಾನು ಹೆದರಿ ಅಮ್ಮನ ಹಿಂದೆ ನಿಂತಿದ್ದೆ.

ಮಡಗಾಂವ್ ಕಡೆಯ ಕುಂಕಳ್ಳಿಯ ಕಾರ್ಖಾನೆಗಳ ಹಿಂದೆ ತಗಡಿನ ಬಾಗಿಲಿನ ಹದಿನಾಲ್ಕು ಖೋಲಿಗಳ ಸಾಲಿತ್ತು. ಅಲ್ಲಿದ್ದವರೆಲ್ಲ ವಿಜಯಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದವರು. ಕಾಕಾ ಇದ್ದದ್ದು ಕೊನೆಯ ಖೋಲಿಯಲ್ಲಿ, ಒಬ್ಬರೇ. ಸೈಕಲ್ ಮೇಲೆ ಮಡಗಾಂವ್‌ವರೆಗೂ ಹೋಗಿ ರದ್ದಿ ಕಾಗದ, ಹಳೇ ಪುಸ್ತಕ ತರುತ್ತಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ. ಆದರೂ ದುಂಡನೆಯ ಅಕ್ಷರ ಕಂಡರೆ ಅದು ಕನ್ನಡ, ಒಳಗೆ ಚಿತ್ರ ಕಂಡರೆ ಅದು ಮಕ್ಕಳ ಪುಸ್ತಕ. ಇಷ್ಟೇ ಅವರ ಲೆಕ್ಕ. ಹಾಗೆ ಸಿಕ್ಕಿದ್ದನ್ನೆಲ್ಲ ನಮಗೆ ಹಂಚುತ್ತಿದ್ದರು.

ಹಂಚಿ ಸುಮ್ಮನಿರುವವರಲ್ಲ. ದೀಪ ಹಚ್ಚುವ ಹೊತ್ತಿಗೆ ಸಾಲಿನುದ್ದಕ್ಕೂ ನಡೆಯುತ್ತಿದ್ದರು. ಯಾವ ಖೋಲಿಯಿಂದ ಮಕ್ಕಳು ಓದುವ ದನಿ ಬರುತ್ತಿರಲಿಲ್ಲವೋ, ಆ ಬಾಗಿಲಿಗೆ ಸೈಕಲ್ ಕೀಲಿಯಿಂದ ಮೂರು ಸಲ ಬಡಿಯುತ್ತಿದ್ದರು. ಟಿಣ್, ಟಿಣ್, ಟಿಣ್.

"ಓದೋ ದನಿ ಇಲ್ಲದ ಮನಿಯೊಳಗ ಬ್ಯಾರೆ ದನಿ ಬಂದು ಕುಂದರ್ತಾವ. ಆಮ್ಯಾಲೆ ಎಬ್ಬಿಸಾಕ ಬರಂಗಿಲ್ಲ ನೋಡ್ರಿ."

ಯಾವ ದನಿ ಅಂತ ಯಾರೂ ಕೇಳುತ್ತಿರಲಿಲ್ಲ. ಎಲ್ಲರೂ ಪುಸ್ತಕ ತೆಗೆಯುತ್ತಿದ್ದೆವು.

ಇದೆಲ್ಲದರ ಹಿಂದೆ ಒಂದು ಬಾವಿ ಕಥೆ ಇತ್ತು. ಮಕ್ಕಳನ್ನು ಕೂರಿಸಿಕೊಂಡು ಅವರೇ ಹೇಳುತ್ತಿದ್ದರು. ಒಬ್ಬ ಹುಡುಗಿಯ ಕೊಡ ಮೆಟ್ಟಿಲು ಬಾವಿಗೆ ಬೀಳುತ್ತದೆ. ತರಲು ಇಳಿಯುತ್ತಾಳೆ. ಒಂದೊಂದು ಮೆಟ್ಟಿಲು ಇಳಿದಾಗಲೂ ಅವಳ ನೆರಳಿನ ಒಂದು ತುಂಡು ಆ ಮೆಟ್ಟಿಲ ಮೇಲೇ ಉಳಿಯುತ್ತದೆ. ತಳ ಮುಟ್ಟಿದಾಗ ಅವಳಿಗೆ ನೆರಳೇ ಇಲ್ಲ. ಆಗ ಮೇಲಿನಿಂದ ಯಾರೋ ಅವಳ ಹೆಸರು ಹಿಡಿದು ಕರೆಯುತ್ತಾರೆ.

"ಮುಂದ?" ಅಂತ ನಾವು.

"ಮುಂದಿಂದು ಪುಸ್ತಕದಾಗ ಐತಿ."

ಆ ಪುಸ್ತಕ ಅವರ ಟ್ರಂಕಿನಲ್ಲಿತ್ತು, ಸಿಮೆಂಟ್ ಚೀಲದ ಕಾಗದದ ಹೊದಿಕೆ ಹಾಕಿದ್ದು. ನಾನು ಹುಟ್ಟುವ ಮೊದಲೇ ತೀರಿಹೋದ ಅವರ ಮಗಳು ನಸೀಮಾ ದಿನಾ ಸಂಜೆ ಅದನ್ನು ಅಪ್ಪನಿಗೆ ಓದಿ ಹೇಳುತ್ತಿದ್ದಳಂತೆ. ಹುಡುಗಿ ತಳ ಮುಟ್ಟಿದ ಕಡೆ ಹಾಳೆಯ ಮೂಲೆ ಮಡಚಿ, "ಉಳಿದಿದ್ದು ನಾಳಿ ಓದ್ತೀನಿ ಅಬ್ಬಾ" ಅಂದವಳಿಗೆ ಅದೇ ರಾತ್ರಿ ಜ್ವರ ಬಂತು. ಆ ನಾಳೆ ಬರಲೇ ಇಲ್ಲ.

ಆ ಮಡಚಿದ ಹಾಳೆಯಿಂದ ಮುಂದೆ ಓದಬೇಕೆಂದರೆ ಮೊದಲು ಹತ್ತು ಪುಸ್ತಕ ಮನೆಯಲ್ಲಿ ದನಿ ತೆಗೆದು ಓದಿರಬೇಕು. ಓದಿದ್ದಕ್ಕೆ ಸಾಕ್ಷಿ ತಾಯಿಯೇ ಬಂದು ಹೇಳಬೇಕು. ನಮ್ಮಮ್ಮ ಮೊದಮೊದಲು ಬೈದಳು. "ದಿನಾಪೂರ್ತಿ ಮೀನು ಪ್ಯಾಕ್ ಮಾಡಿ ಬಂದೀನಿ, ಈಗ ನಿನ್ನ ಇಲಿ ಮದಿವಿ ಕಥಿ ಕೇಳ್ಲೇನು?" ಮರುದಿನ ರೊಟ್ಟಿ ಬಡಿಯುತ್ತ ತಾನೇ ಕೇಳಿದಳು: "ಅಲ್ಲ ರೇಷ್ಮಾ, ಆ ಇಲಿ ಅತ್ತಿ ಮನಿಗೆ ಹೋತೋ ಇಲ್ಲೋ?"

ನನಗಿಂತ ಮೊದಲು ಹತ್ತು ಮುಗಿಸಿದವನು ಪಕ್ಕದ ಖೋಲಿಯ ದಸ್ತಗೀರ. ಕಾಕಾನ ಖೋಲಿಯಿಂದ ಹೊರಬಂದಾಗ ಅವನ ತುಟಿ ಒಣಗಿತ್ತು.

"ಹುಡುಗಿ ಮ್ಯಾಲ ಬಂದ್ಳೇನೋ?"

"ನೀನ ಓದು" ಅಂದ. ಆಮೇಲೆ ಎಷ್ಟು ಕೇಳಿದರೂ ಅಷ್ಟೇ.

ನನ್ನ ಸರದಿಯ ದಿನ ಅಮ್ಮ ಬಂದು ಹೇಳಿದಳು: "ಹೌದ್ರಿ ಕಾಕಾ, ಹತ್ತೂ ಓದ್ಯಾಳ. ಒಂದಿನ ನನಗ ನಿದ್ದಿ ಹತ್ತಿತ್ತು, ಚಿವುಟಿ ಎಬ್ಬಿಸಿ ಓದ್ಯಾಳ." ಕಾಕಾ ನಕ್ಕರು. ಅಮ್ಮ ಹೋದ ಮೇಲೆ ನನ್ನನ್ನು ನಸೀಮಾಳ ಮಣೆಯ ಮೇಲೆ ಕೂರಿಸಿ, ಪುಸ್ತಕ ಕೊಟ್ಟು, ಕಣ್ಣಿಗೆ ಅಂಗೈ ಒತ್ತಿಕೊಂಡರು.

ಮಡಚಿದ ಹಾಳೆ ತೆರೆದೆ. "ಸಂಘದ ಸದಸ್ಯತ್ವಕ್ಕೆ ಅರ್ಜಿ ಸಲ್ಲಿಸುವ ವಿಧಾನ" ಅಂತಿತ್ತು. ಹಿಂದೆ ತಿರುವಿದೆ, ಮುಂದೆ ತಿರುವಿದೆ. ಅದು ಯಾವುದೋ ಸಹಕಾರಿ ಸಂಘದ ನಿಯಮಗಳ ಪುಸ್ತಕ. ಬಾವಿ ಇಲ್ಲ, ಹುಡುಗಿ ಇಲ್ಲ, ಒಂದು ಚಿತ್ರವೂ ಇಲ್ಲ. ಆ ಕಥೆಯನ್ನು ನಸೀಮಾ ದಿನಾ ತಾನೇ ಕಟ್ಟಿ ಹೇಳಿದ್ದಳು. ಓದಲು ಬಾರದ ಅಪ್ಪ ಅದನ್ನು ಪುಸ್ತಕದ್ದೆಂದು ನಂಬಿದ್ದರು.

"ಓದವಾ" ಅಂದರು ಕಾಕಾ. "ಬರ್ತಾಳೇನು ಮ್ಯಾಲ?"

ಖರೆ ಹೇಳಿದ್ದರೆ ಅವರ ಮಗಳು ಇನ್ನೊಂದು ಸಲ ಹೋಗಿಬಿಡುತ್ತಿದ್ದಳು. ನಾನು ಸಹಕಾರಿ ಸಂಘದ ಸಾಲುಗಳ ಮೇಲೆ ಬೆರಳಿಟ್ಟು ಬಾಯಿಗೆ ಬಂದದ್ದನ್ನು ಓದಿದೆ. ಹುಡುಗಿ ಮೇಲೆ ಹತ್ತಿದಳು. ಒಂದೊಂದು ಮೆಟ್ಟಿಲಲ್ಲೂ ತನ್ನ ನೆರಳಿನ ತುಂಡನ್ನು ಎತ್ತಿಕೊಂಡಳು. ಕಡೇ ಮೆಟ್ಟಿಲಲ್ಲಿ ಎರಡು ನೆರಳು ಕೂತಿದ್ದವು. ಅವಳು ತನ್ನದನ್ನು ತಗೊಂಡು ಹೊರಬಂದಳು. ಇನ್ನೊಂದು ನೆರಳು ಎದ್ದು ಕೆಳಗೆ ಇಳಿದು ಹೋಯಿತು.

ಎರಡು ನೆರಳು ಎಲ್ಲಿಂದ ಬಂದವೋ ನನಗೆ ಗೊತ್ತಿಲ್ಲ. ಹೇಳಬೇಕೆಂದುಕೊಂಡದ್ದು ಅದಲ್ಲ.

"ಇನ್ನೊಂದು ಯಾರ್ದು?"

"ಬರ್ದಿಲ್ಲ ಕಾಕಾ."

ಅಂಗೈ ತೆಗೆದರು. ಕೆನ್ನೆ ಒದ್ದೆಯಾಗಿತ್ತು. "ದಸ್ತಗೀರನೂ ಹಿಂಗ ಓದಿದ. ಎರಡು ನೆಳ್ಳು."

ನಾನು ಓಡಿಹೋಗಿ ದಸ್ತಗೀರನನ್ನು ಹಿಡಿದೆ. "ಪುಸ್ತಕದಾಗ ಬಾವಿನ ಇಲ್ಲಲ್ಲೋ!"

"ಗೊತ್ತೈತಿ. ಮೆಲ್ಲಕ ಮಾತಾಡು."

"ಎರಡು ನೆಳ್ಳು ಅಂತ ನಿನಗ ಯಾರು ಹೇಳಿದ್ರು?"

"ಯಾರೂ ಇಲ್ಲ" ಅಂದ. "ನಿನಗ?"

ಆ ಸಂಜೆ ಇಬ್ಬರೂ ನಮ್ಮ ನಮ್ಮ ಖೋಲಿಗಳಲ್ಲಿ ತುಸು ಜೋರಾಗಿಯೇ ಓದಿದೆವು.

ಇದಾಗಿ ಎಷ್ಟೋ ವರ್ಷಗಳಾದವು. ಹೋದ ವರ್ಷ ಕಾಕಾ ಮಡಗಾಂವ್‌ನ ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋಗಿದ್ದೆ. ಮೈ ಒಣಗಿ ಸಣ್ಣ ಹುಡುಗನಷ್ಟಾಗಿದ್ದರು. ದಿಂಬಿನ ಕೆಳಗಿಂದ ಪುಸ್ತಕ ತೆಗೆದು ನನ್ನ ಕೈಗಿಟ್ಟರು.

"ಕೆಳಗ ಇಳಿದು ಹೋತಲ್ಲ ಒಂದು ನೆಳ್ಳು, ಅದು ನಂದು ಅಂತ ಬರ್ಕೋ. ಆಕಿ ಮ್ಯಾಲ ಬರಬೇಕಂದ್ರ ಯಾರರ ಒಬ್ಬರು ಇಳೀಬೇಕಲ್ಲವಾ."

ಎರಡು ದಿನಕ್ಕೆ ಹೋದರು.

ಈಗ ಆ ಸಾಲಿನಲ್ಲಿ ಸಂಜೆ ನಡೆಯುವವಳು ನಾನು. ರದ್ದಿಯಲ್ಲಿ ಪುಸ್ತಕ ಹುಡುಕುತ್ತೇನೆ, ಬಾವಿ ಕಥೆಯನ್ನು ಅರ್ಧ ಹೇಳಿ ನಿಲ್ಲಿಸುತ್ತೇನೆ, ತಾಯಂದಿರ ಸಾಕ್ಷಿ ಕೇಳುತ್ತೇನೆ. ಕೀಲಿ ಮಾತ್ರ ನನ್ನ ಹತ್ತಿರ ಇಲ್ಲ. ಅವರ ಸೈಕಲ್ಲನ್ನು ಯಾರೋ ಒಯ್ದರು, ಕೀಲಿಯೂ ಅದರ ಜೊತೆ ಹೋಯಿತು. ನಾನು ಬರೀ ಕೈಯಿಂದ ಬಡಿಯುತ್ತೇನೆ.

ಮೊನ್ನೆ ಹತ್ತು ಪುಸ್ತಕ ಮುಗಿಸಿದವಳು ಸಾನಿಯಾ, ಒಂಬತ್ತು ವರ್ಷದವಳು. ಈ ಬೇಸಿಗೆಯಲ್ಲಷ್ಟೇ ವಿಜಯಪುರ ಕಡೆಯ ಇಂಡಿಯಿಂದ ಬಂದವಳು. ಕಾಕಾನನ್ನು ಕಂಡವಳಲ್ಲ, ನಾನು ಅವರ ವಿಷಯ ಅವಳಿಗೆ ಹೇಳಿಯೂ ಇಲ್ಲ. ಪುಸ್ತಕ ಕೊಟ್ಟು ಕಣ್ಣಿಗೆ ಅಂಗೈ ಒತ್ತಿಕೊಂಡೆ. ಹಾಳೆ ತಿರುವುವ ಸದ್ದು. ಹಿಂದೆ, ಮುಂದೆ. ಆಮೇಲೆ ಓದತೊಡಗಿದಳು.

ಹುಡುಗಿ ಹತ್ತಿ ಬಂದಳು. ಕಡೇ ಮೆಟ್ಟಿಲಿನಲ್ಲಿ ಒಂದೇ ನೆರಳಿತ್ತು, ಅವಳದ್ದು. ತಗೊಂಡಳು. ಬಾವಿಯ ತಳದಲ್ಲಿ ಯಾರೋ ತಗಡಿನ ಬಾಗಿಲಿಗೆ ಕೀಲಿಯಿಂದ ಬಡಿಯುತ್ತಿದ್ದರು, ಮೂರು ಸಲ.

ನಾನು ಅಂಗೈ ತೆಗೆಯಲಿಲ್ಲ. "ಮುಂದ?" ಅಂದೆ.

ಸಾನಿಯಾ ಪುಸ್ತಕವನ್ನು ನನ್ನ ಮಡಿಲಿಗೆ ಇಟ್ಟಳು.

"ಮುಂದಿಂದು ನೀವ ಓದ್ರಿ, ಅಕ್ಕಾ."